ನಾಟಕದ ನಕಲಿ ರಕ್ತ: ಬಾಯಿಗೆ ಹೋಗೋದೇ ಬೇರೆ, ಬಟ್ಟೆಗೆ ಹಚ್ಚೋದೇ ಬೇರೆ, ಮನೆಯಲ್ಲೇ ಮಾಡುವ ವಿಧಾನ ಇಲ್ಲಿದೆ

ಸುಗ್ಗಿ ಮುಗಿದು ಕಣ ಖಾಲಿಯಾಗುತ್ತಿದ್ದಂತೆ ಊರೂರಲ್ಲಿ ಹಾರ್ಮೋನಿಯಂ ಸದ್ದು ಶುರುವಾಗುತ್ತೆ. ಮಂಡ್ಯ, ತುಮಕೂರು, ಹಾಸನ ಸೀಮೆಯ ಹಳ್ಳಿಗಳಲ್ಲಿ ಊರಿನವರೇ ಪಾತ್ರ ಹಂಚಿಕೊಂಡು, ಮೇಷ್ಟ್ರನ್ನ ಕರೆಸಿ ತಾಲೀಮು ಮಾಡಿ, ಡ್ರೆಸ್ಸು-ಸೀನರಿ ಬಾಡಿಗೆಗೆ ತಂದು ‘ಕುರುಕ್ಷೇತ್ರ’ ಆಡೋದು ಇವತ್ತಿಗೂ ನಡೆದುಕೊಂಡು ಬಂದಿದೆ. ರಾತ್ರಿಯೆಲ್ಲ ಕೂತ ಜನ ಕಾಯೋ ದೃಶ್ಯಗಳಲ್ಲಿ ದುಶ್ಯಾಸನನ ವಧೆಯೂ ಒಂದು. ಭೀಮ ಎದೆ ಬಗೆದು ರಕ್ತವನ್ನು ಬಾಯಿಗಿಟ್ಟುಕೊಳ್ಳಬೇಕು, ಅದೇ ಕೈಯಲ್ಲಿ ದ್ರೌಪದಿಯ ಮುಡಿಗೆ ಹಚ್ಚಬೇಕು. ಅಂದರೆ ಒಂದೇ ದೃಶ್ಯದಲ್ಲಿ ರಕ್ತ ಒಬ್ಬರ ಬಾಯಿಗೆ, ಇನ್ನೊಬ್ಬರ ತಲೆಗೆ, ಮತ್ತೊಬ್ಬರ ಬಾಡಿಗೆ ಬಟ್ಟೆಗೆ ಹೋಗುತ್ತೆ.

ಶಾಲೆ ವಾರ್ಷಿಕೋತ್ಸವದ ಛದ್ಮವೇಷ, ಸ್ವಾತಂತ್ರ್ಯ ದಿನದ ರೂಪಕ, ಮೊಬೈಲಲ್ಲೇ ಕಿರುಚಿತ್ರ ಮಾಡೋ ಹುಡುಗರು, ರೀಲ್ಸ್ ಮಾಡೋರು, ರಸ್ತೆ ಸುರಕ್ಷತಾ ಸಪ್ತಾಹದ ಬೀದಿನಾಟಕ ಎಲ್ಲದಕ್ಕೂ ರಕ್ತ ಬೇಕೇ ಬೇಕು. ಆದರೆ ಹೆಚ್ಚಿನ ಕಡೆ ತಯಾರಿ ನಡೆಯೋದು ಕೊನೇ ಗಳಿಗೆಯಲ್ಲಿ. ಯಾರೋ ಒಬ್ಬ ಅಂಗಡಿಗೆ ಓಡಿ ಬಂದು, “ಅಣ್ಣಾ, ಹತ್ತು ರೂಪಾಯಿ ಕೆಂಪು ಬಣ್ಣ ಕೊಡಿ” ಅಂತಾನೆ. ಅಂಗಡಿಯವರು ಕೈಗೆ ಸಿಕ್ಕ ಪೊಟ್ಟಣ ಕೊಡ್ತಾರೆ. ಅದು ಹೋಳಿ ಬಣ್ಣವೋ, ಬಟ್ಟೆಗೆ ಹಾಕೋ ಬಣ್ಣವೋ, ರಂಗೋಲಿ ಪುಡಿಯೋ ಅಂತ ಕೊಟ್ಟವರೂ ಹೇಳಲ್ಲ, ತಗೊಂಡವರೂ ಕೇಳಲ್ಲ. ಅಪಾಯ ಇರೋದು ಇಲ್ಲೇ.

ನೂರು ರೂಪಾಯಿ ಆಸುಪಾಸಿನಲ್ಲಿ, ಅಡುಗೆಮನೆ ಸಾಮಾನಿನಲ್ಲೇ ಒಳ್ಳೇ ನಕಲಿ ರಕ್ತ ಮಾಡಬಹುದು. ನೆನಪಿಡಬೇಕಾದ್ದು ಒಂದೇ ಮಾತು: ಮಾಡೋ ಮೊದಲು “ಇದು ಬಾಯಿಗೆ, ಕಣ್ಣಿನ ಹತ್ತಿರಕ್ಕೆ ಹೋಗುತ್ತಾ?” ಅಂತ ಕೇಳಿಕೊಳ್ಳಿ. ಹೋಗುತ್ತೆ ಅಂದರೆ ತಿನ್ನೋ ಪದಾರ್ಥ ಬಿಟ್ಟು ಬೇರೇನೂ ಹಾಕಬೇಡಿ.

ಯಾವ ಕೆಂಪು ಬೇಡ, ಯಾಕೆ ಬೇಡ?

ಸುಣ್ಣ-ಅರಿಶಿನದ ಓಕುಳಿ: ಆರತಿ ಎತ್ತೋಕೆ, ದೃಷ್ಟಿ ತೆಗೆಯೋಕೆ ನಮ್ಮಲ್ಲಿ ಮೊದಲಿಂದ ಮಾಡೋದು ಇದನ್ನೇ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನೋ ಬಣ್ಣದ ಅಂಶ ಸುಣ್ಣದಂಥ ಕ್ಷಾರದ ಜತೆ ಸೇರಿದಾಗ ಕೆಂಪಾಗುತ್ತೆ. ಅರಿಶಿನದ ಕಲೆಗೆ ಸೋಪು ಹಾಕಿದಾಗ ಕೆಂಪಾಗೋದೂ ಇದರಿಂದಲೇ. ನೋಡೋಕೆ ರಕ್ತದ ಹಾಗೇ ಇರುತ್ತೆ, ಖರ್ಚೂ ಇಲ್ಲ. ಹಾಗಾಗಿ ನಾಟಕಕ್ಕೂ ಇದನ್ನೇ ಕಲಸೋಣ ಅನಿಸುತ್ತೆ. ಆದರೆ ತಟ್ಟೆಯಲ್ಲಿಟ್ಟು ನಿವಾಳಿಸೋದು ಬೇರೆ, ಮುಖಕ್ಕೆ ಬಳಿಯೋದು ಬೇರೆ. ಸುಣ್ಣ ಕಣ್ಣಿಗೆ ಬಿದ್ದರೆ ಕರಿಗುಡ್ಡೆಯ ಮೇಲ್ಪದರವನ್ನೇ ಸುಡುತ್ತೆ, ದೃಷ್ಟಿಯೇ ಹೋಗಬಹುದು. ಬಾಯಿ, ಗಂಟಲೂ ಸುಡುತ್ತೆ. ಇದರ ಬಣ್ಣವೂ ನಿಲ್ಲೋದಿಲ್ಲ. ಹುಳಿ ತಾಗಿದರೆ ಮತ್ತೆ ಹಳದಿ, ಹೊತ್ತು ಕಳೆದರೆ ಕಂದು.

ಕುಂಕುಮ, ಸಿಂಧೂರ: ಹಿಂದೆ ಅರಿಶಿನದಿಂದಲೇ ಮಾಡುತ್ತಿದ್ದ ಕುಂಕುಮದ ಜಾಗದಲ್ಲಿ ಈಗ ಕಡಿಮೆ ಬೆಲೆಯ ಪೊಟ್ಟಣಗಳಲ್ಲಿ ರಾಸಾಯನಿಕ ಬಣ್ಣ ಬೆರೆಸಿದ ಪುಡಿಯೂ ಬರುತ್ತೆ. ಕಿತ್ತಳೆಗೆಂಪು ಸಿಂಧೂರದಲ್ಲಿ ಸೀಸದ ಅಂಶ ಇರುವ ಸಾಧ್ಯತೆ ಇದೆ. ಹಣೆಗೆ ಇಡೋ ಚಿಟಿಕೆಯ ಲೆಕ್ಕವೇ ಬೇರೆ, ಒಂದು ಲೋಟ ನೀರಿಗೆ ಕಲಸಿ ಬಾಯಿಗೆ ಹಾಕೋ ಲೆಕ್ಕವೇ ಬೇರೆ.

ಹೋಳಿ ಬಣ್ಣ, ರಂಗೋಲಿ ಬಣ್ಣ, ಬಟ್ಟೆ ಬಣ್ಣ: ಇವು ತಿನ್ನೋದಕ್ಕೆ ಮಾಡಿದವಲ್ಲ. ಚರ್ಮ ಉರಿಯುತ್ತೆ, ವಾರಗಟ್ಟಲೆ ಕಲೆ ಉಳಿಯುತ್ತೆ. ಗುಲಾಬಿಗೆಂಪಾಗಿ ಫಳಫಳ ಹೊಳೆಯೋ ರೋಡಮಿನ್-ಬಿ ಕೂಡ ಬಟ್ಟೆಗೆ, ಕಾಗದಕ್ಕೆ ಬಳಸೋ ಬಣ್ಣವೇ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಗೆ ರೋಡಮಿನ್-ಬಿ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸಿದ್ದು ಎಲ್ಲರಿಗೂ ಗೊತ್ತು. ತಿನ್ನೋ ಮಿಠಾಯಿಗೆ ಬೇಡವಾದದ್ದು ಭೀಮನ ಬಾಯಿಗೂ ಬೇಡ.

ಪೇಂಟ್, ಸ್ಟೇನರ್, ರೆಡ್ ಆಕ್ಸೈಡ್: ಹಾರ್ಡ್‌ವೇರ್ ಅಂಗಡಿಯ ಕೆಂಪು ಗೋಡೆಗೆ, ನೆಲಕ್ಕೆ, ಗ್ರಿಲ್ಲಿಗೆ. ಮೈಮೇಲೆ ಬೇಡವೇ ಬೇಡ.

ಗಾಯಕ್ಕೆ ಹಚ್ಚೋ ಕೆಂಪು ಔಷಧಿ: ಮರ್ಕ್ಯುರೋಕ್ರೋಮ್ ಅನ್ನೋ ಹಳೇ ಕೆಂಪು ಔಷಧಿಯಲ್ಲಿ ಪಾದರಸದ ಅಂಶ ಇದೆ. ಹಳೇ ಬಾಟಲಿ ಮನೆಯಲ್ಲಿದ್ದರೂ ವೇಷಕ್ಕೆ ಬಳಸಬೇಡಿ.

ಬ್ಯಾಡಗಿ ಮೆಣಸಿನಕಾಯಿ: ಬಣ್ಣವೇನೋ ಚೆನ್ನಾಗಿರುತ್ತೆ, ಖಾರ ಕಡಿಮೆ ಅಂತಲೂ ಹೇಳ್ತಾರೆ. ಆದರೆ ಕಣ್ಣಿಗೆ ಬಿದ್ದಾಗ ಕಡಿಮೆ ಖಾರವೂ ಖಾರವೇ.

ಕುರಿ, ಕೋಳಿ ರಕ್ತ: “ಮಟನ್ ಅಂಗಡಿಯಲ್ಲಿ ಸಿಗುತ್ತಲ್ಲ” ಅನ್ನೋರಿದ್ದಾರೆ. ಕೆಲವೇ ನಿಮಿಷದಲ್ಲಿ ಹೆಪ್ಪುಗಟ್ಟುತ್ತೆ, ಬೇಗ ನಾರುತ್ತೆ, ಸೋಂಕಿನ ಭಯ ಬೇರೆ. ಬಾಯಿ, ಕಣ್ಣು, ತರಚಿದ ಗಾಯದ ಹತ್ತಿರ ಹಸಿ ರಕ್ತ ತರಲೇಬಾರದು.

ಬಣ್ಣದ ವಿಷಯದಲ್ಲಿ ಎಚ್ಚರ ತಪ್ಪೋದು ಇವತ್ತಿನ ಮಾತಲ್ಲ. ಹಿಂದಿನ ಕಾಲದಲ್ಲಿ ಯಕ್ಷಗಾನದ ವೇಷಕ್ಕೆ ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ ಅರೆದು ಹಚ್ಚುತ್ತಿದ್ದರು. ಇಂಗಳೀಕದಲ್ಲಿ ಪಾದರಸ ಇದೆ, ಅರದಾಳದಲ್ಲಿ ಆರ್ಸೆನಿಕ್ ಇದೆ. ಆಗ ಬೇರೆ ದಾರಿ ಇರಲಿಲ್ಲ, ಈಗ ಇದೆ.

ಸಿನಿಮಾದವರು ಏನು ಬಳಸಿದರು?

ಕಪ್ಪು-ಬಿಳುಪು ಕಾಲದಲ್ಲಿ ಬಣ್ಣದ ತಲೆನೋವೇ ಇರಲಿಲ್ಲ, ಗಾಢವಾಗಿ ಕಂಡರೆ ಸಾಕಿತ್ತು. ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ 1960ರ ‘ಸೈಕೋ’ ಚಿತ್ರದ ಸ್ನಾನಗೃಹದ ಕೊಲೆ ದೃಶ್ಯದಲ್ಲಿ ನೀರಿನ ಜತೆ ಹರಿಯೋದು ಚಾಕೊಲೇಟ್ ಸಿರಪ್.

ಕಲರ್ ಬಂದ ಮೇಲೆ ಕಷ್ಟ ಶುರುವಾಯ್ತು. ಬರೀ ಕೆಂಪು ಬಣ್ಣ ತೆರೆ ಮೇಲೆ ಪೇಂಟಿನ ಹಾಗೆ ಕಾಣುತ್ತಿತ್ತು. ‘ದ ಗಾಡ್‌ಫಾದರ್’ (1972), ‘ದಿ ಎಕ್ಸಾರ್ಸಿಸ್ಟ್’ (1973), ‘ಟ್ಯಾಕ್ಸಿ ಡ್ರೈವರ್’ (1976) ಚಿತ್ರಗಳಿಗೆ ಮೇಕಪ್ ಮಾಡಿದ ಅಮೆರಿಕದ ಡಿಕ್ ಸ್ಮಿತ್ ಮೆಕ್ಕೆಜೋಳದ ಸಿರಪ್‌ಗೆ ಕೆಂಪು ಮತ್ತು ಹಳದಿ ಫುಡ್ ಕಲರ್ ಸೇರಿಸಿ, ಪಾರದರ್ಶಕವಾಗಿ ಕಾಣದಿರಲಿ ಅಂತ ಜಿಂಕ್ ಆಕ್ಸೈಡ್ ಹಾಕಿ ಒಂದು ರಕ್ತ ತಯಾರಿಸಿದರು. ಮುಂದೆ ಎಷ್ಟೋ ಮೇಕಪ್‌ನವರು ಅದೇ ದಾರಿ ಹಿಡಿದರು. ಬಟ್ಟೆಯ ಮೇಲೆ ಸಲೀಸಾಗಿ ಹರಡಲಿ ಅಂತ ಅದಕ್ಕೆ ಫೋಟೊ ತೊಳೆಯುವಾಗ ಬಳಸೋ ಒಂದು ದ್ರವವನ್ನೂ ಹಾಕುತ್ತಿದ್ದರು. ಆ ದ್ರವ ವಿಷ. ಹಾಗಾಗಿ ಆ ಹೆಸರುವಾಸಿ ರಕ್ತವನ್ನು ಹಾಗೇ ಬಾಯಿಗೆ ಹಾಕುವಂತಿರಲಿಲ್ಲ. ಬಾಯಿಗೊಂದು, ಮೈಗೊಂದು ಅನ್ನೋ ಲೆಕ್ಕ ದೊಡ್ಡ ಸಿನಿಮಾದಲ್ಲೂ ತಪ್ಪಿದ್ದಲ್ಲ.

ಈ ಸೂತ್ರದಿಂದ ನಾವು ತಗೋಬೇಕಾದ್ದು ಮೂರು: ಬುಡಕ್ಕೆ ಮಂದವಾದ ಸಿಹಿ ಪಾಕ, ಬಣ್ಣಕ್ಕೆ ಬರೀ ಕೆಂಪಲ್ಲ ಬೆರಕೆ, ಜತೆಗೆ ಆಚೆ ಬದಿ ಕಾಣದಂತೆ ಮಾಡೋ ಒಂದು ಪುಡಿ. ಮೂರೂ ನಮ್ಮ ಪೇಟೆಯಲ್ಲೇ ಸಿಗುತ್ತವೆ.

ವಿಧಾನ 1: ಬಾಯಿಗೆ ಹೋಗೋ ರಕ್ತ (ಸಕ್ಕರೆ ಪಾಕ)

ಬೇಕಾಗೋದು: ಸಕ್ಕರೆ 2 ಲೋಟ, ನೀರು 1 ಲೋಟ, ನಿಂಬೆರಸ 8-10 ಹನಿ, ಕೋಕೋ ಪುಡಿ 1 ಟೀ ಚಮಚ, ಕೆಂಪು ಫುಡ್ ಕಲರ್ ಒಂದೆರಡು ಚಿಟಿಕೆ, ಕಾಫಿ ಡಿಕಾಕ್ಷನ್ ಅರ್ಧ ಚಮಚ.

ಮಾಡೋದು ಹೀಗೆ:

1. ಸಕ್ಕರೆ, ನೀರು ಒಲೆ ಮೇಲಿಟ್ಟು ಕರಗಿಸಿ, ನಾಲ್ಕೈದು ನಿಮಿಷ ಕುದಿಸಿ. ನಿಂಬೆರಸ ಬಿಡಿ. ಅದು ಪಾಕ ಮತ್ತೆ ಹರಳುಗಟ್ಟದಂತೆ ತಡೆಯುತ್ತೆ.
2. ಕೋಕೋ ಪುಡಿಯನ್ನು ಬೇರೆ ಬಟ್ಟಲಲ್ಲಿ ಬಿಸಿನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಪಾಕಕ್ಕೆ ಹಾಕಿ. ಪಾಕದ ಆಚೆ ಬದಿ ಕಾಣದಂತೆ ಮಾಡೋದು ಇದೇ.
3. ಫುಡ್ ಕಲರ್ ಅನ್ನು ಒಂದು ಚಮಚ ನೀರಿನಲ್ಲಿ ಕರಗಿಸಿ, ಸ್ವಲ್ಪ ಸ್ವಲ್ಪವೇ ಸೇರಿಸಿ. ಒಂದೇ ಸಲ ಸುರಿದರೆ ಹಿಂದಕ್ಕೆ ತಗೊಳ್ಳೋಕಾಗಲ್ಲ.
4. ಕೊನೆಗೆ ಡಿಕಾಕ್ಷನ್ ಬಿಡಿ. ಬಣ್ಣ ‘ರೋಸ್ ಮಿಲ್ಕ್’ನಿಂದ ರಕ್ತದ ಕಡೆ ತಿರುಗೋದು ಈ ಹನಿಯಲ್ಲೇ.
5. ಪೂರ್ತಿ ಆರಿಸಿ ಬಾಟಲಿಗೆ ತುಂಬಿ. ಬಿಸಿ ಪಾಕ ಮೈಗೆ ಅಂಟಿದರೆ ಕುದಿನೀರಿಗಿಂತ ಜೋರಾಗಿ ಸುಡುತ್ತೆ, ಮಕ್ಕಳ ಕೈಯಲ್ಲಿ ಈ ಕೆಲಸ ಮಾಡಿಸಬೇಡಿ.

ಬೇಕರಿ ಸಾಮಾನಿನ ಅಂಗಡಿಯಲ್ಲಿ ಲಿಕ್ವಿಡ್ ಗ್ಲುಕೋಸ್ ಸಿಕ್ಕರೆ ಪಾಕ ಕಾಯಿಸೋ ಕೆಲಸವೇ ಇಲ್ಲ. ಸ್ವಲ್ಪ ಬೆಚ್ಚಗಿನ ನೀರಲ್ಲಿ ಸಡಿಲ ಮಾಡಿಕೊಂಡು ಬಣ್ಣ ಬೆರೆಸಿದರಾಯ್ತು.

ಇಲ್ಲೊಂದು ಮಾತು. ಫುಡ್ ಕಲರ್ ಅಂದ ಮಾತ್ರಕ್ಕೆ ಎಷ್ಟು ಬೇಕಾದರೂ ನುಂಗಬಹುದು ಅಂತಲ್ಲ. ಬಣ್ಣಕ್ಕೆ ಅನುಮತಿ ಇರುವ ಬಹುತೇಕ ತಿನಿಸುಗಳಲ್ಲೂ ಅದು ಕೆ.ಜಿ.ಗೆ 100 ಮಿಲಿಗ್ರಾಂ ಮೀರಬಾರದು ಅನ್ನೋ ನಿಯಮ ಇದೆ. ರಕ್ತದಷ್ಟು ಗಾಢವಾಗಬೇಕು ಅಂದರೆ ಅದಕ್ಕಿಂತ ಜಾಸ್ತಿಯೇ ಬೀಳುತ್ತೆ. ಹಾಗಾಗಿ ಭೀಮನ ಪಾತ್ರದವರು ಅರ್ಧ ಚಮಚದಷ್ಟು ಬಾಯಿಗೆ ತಗೊಂಡು, ತುಟಿಯಂಚಿನಿಂದ ಇಳಿಬಿಟ್ಟು, ಪರದೆ ಬಿದ್ದ ಕೂಡಲೇ ಉಗಿದು ಬಾಯಿ ಮುಕ್ಕಳಿಸಬೇಕು. ನುಂಗೋದು ಬೇಡ. ಸಕ್ಕರೆ ಕಾಯಿಲೆ ಇರೋ ಕಲಾವಿದರಾದರೆ ಮುಂದಿನ ವಿಧಾನದ ಗಂಜಿಯೇ ವಾಸಿ. ಅದನ್ನೂ ಉಗಿಯಲೇಬೇಕು.

ಕೃತಕ ಬಣ್ಣವೇ ಬೇಡ ಅನ್ನೋರಿಗೆ ಬೀಟ್‌ರೂಟ್ ಇದೆ. ತುರಿದು ಹಿಂಡಿ, ರಸವನ್ನು ಸಣ್ಣ ಉರಿಯಲ್ಲಿ ಗಟ್ಟಿ ಮಾಡಿ, ನಾಲ್ಕು ಹನಿ ನಿಂಬೆರಸ ಬಿಡಿ. ಜೋರು ಉರಿಯಲ್ಲಿಟ್ಟರೆ ಬಣ್ಣ ಕಂದುತ್ತೆ. ಬೀಟ್‌ರೂಟ್ ಸ್ವಲ್ಪ ನೇರಳೆ ಕಡೆ ಎಳೆಯೋದರಿಂದ ಒಂದು ಚಮಚ ಟೊಮೆಟೊ ಸಾಸ್ ಸೋಸಿ ಸೇರಿಸಿದರೆ ಸರಿಹೋಗುತ್ತೆ. ಶಾಲಾ ಮಕ್ಕಳ ವೇಷಕ್ಕೆ ಇದೇ ಒಳ್ಳೇದು.

ವಿಧಾನ 2: ರಂಗದ ಮೇಲೆ ಚೆಲ್ಲೋಕೆ (ಕಾರ್ನ್‌ಫ್ಲೋರ್ ಗಂಜಿ)

ಗೋಬಿ ಮಂಚೂರಿ ಗಾಡಿಗಳ ಪುಣ್ಯ, ಕಾರ್ನ್‌ಫ್ಲೋರ್ ಈಗ ಎಲ್ಲ ಕಿರಾಣಿ ಅಂಗಡಿಯಲ್ಲೂ ಇದೆ. ಒಂದು ಚಮಚ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ, ಒಂದು ಲೋಟ ಕುದಿಯೋ ನೀರಿಗೆ ಬಿಟ್ಟು ತಿರುವಿ. ಗಂಜಿಯ ಹಾಗೆ ಆದ ಮೇಲೆ ಇಳಿಸಿ, ಬಣ್ಣ, ಕೋಕೋ, ಡಿಕಾಕ್ಷನ್ ಹಾಕಿ. ಆರಿದ ಮೇಲೆ ಇನ್ನಷ್ಟು ಮಂದ ಆಗುತ್ತೆ, ಹಾಗಾಗಿ ತೆಳ್ಳಗಿರುವಾಗಲೇ ಇಳಿಸಬೇಕು.

ಇದರ ಲಾಭ ಅಂದರೆ ಅಂಟಲ್ಲ, ಇರುವೆ ಮುತ್ತಲ್ಲ, ಖರ್ಚು ಕಡಿಮೆ. ಹೊರಗಿಟ್ಟರೆ ಮಾರನೇ ದಿನಕ್ಕೆ ಹುಳಿ ಬರುತ್ತೆ, ಅವತ್ತಿನದನ್ನ ಅವತ್ತೇ ಮಾಡಬೇಕು. ತಿನ್ನೋ ಸಾಮಾನೇ ಆದ್ದರಿಂದ ತುಟಿಗೆ ತಾಗಿದರೂ ಭಯವಿಲ್ಲ. ಸಕ್ಕರೆ ಪಾಕದ ರಕ್ತ ಫ್ರಿಜ್‌ನಲ್ಲಿ ಒಂದು ವಾರ ಇರುತ್ತೆ.

ವಿಧಾನ 3: ಬಟ್ಟೆಗಷ್ಟೇ (ಶಾಂಪೂ ರಕ್ತ)

ಬಿಳಿ ಅಂಗಿ ರಕ್ತದಲ್ಲಿ ತೊಯ್ದಿರಬೇಕು, ಶೂಟಿಂಗ್ ಆದ ಮೇಲೆ ಅದೇ ಅಂಗಿ ವಾಪಸ್ಸೂ ಬೇಕು ಅನ್ನೋರಿಗೆ ಇದು. ಬಣ್ಣವಿಲ್ಲದ ಶಾಂಪೂ ಅಥವಾ ಪಾತ್ರೆ ತೊಳೆಯೋ ಲಿಕ್ವಿಡ್‌ಗೆ ಫುಡ್ ಕಲರ್, ಕೋಕೋ ಬೆರೆಸಿ. ಸೋಪಿನ ಅಂಶ ಇರೋದರಿಂದ ಒಗೆದಾಗ ಬೇಗ ಬಿಡುತ್ತೆ. ಆದರೆ ಇದನ್ನ ಮುಖಕ್ಕೆ, ಬಾಯಿಗೆ, ಕಣ್ಣಿನ ಹತ್ತಿರಕ್ಕೆ ತರಬಾರದು. ನೆಲಕ್ಕೆ ಬಿದ್ದರೆ ಜಾರುತ್ತೆ.

ನೋಡೋಕೆ ಮೂರೂ ಒಂದೇ ಥರ ಇರೋದರಿಂದ ಬೇರೆ ಬೇರೆ ಆಕಾರದ ಬಾಟಲಿಗೆ ತುಂಬಿ, ಮೇಲೆ ದಪ್ಪ ಅಕ್ಷರದಲ್ಲಿ ‘ಬಾಯಿಗೆ’, ‘ಬಟ್ಟೆಗೆ’ ಅಂತ ಬರೆದು ಅಂಟಿಸಿ. ಚೌಕಿಯಲ್ಲಿ, ಪರದೆ ಹಿಂದಿನ ಗಡಿಬಿಡಿಯಲ್ಲಿ ಓದೋಕೆ ಪುರುಸೊತ್ತಿರಲ್ಲ, ಆಕಾರವೇ ಕೈಗೆ ಗುರುತು ಸಿಗಬೇಕು. ಕೂಲ್‌ಡ್ರಿಂಕ್ಸ್ ಬಾಟಲಿಗೆ ಮಾತ್ರ ತುಂಬಬೇಡಿ, ಮಕ್ಕಳು ಜ್ಯೂಸ್ ಅಂತ ಕುಡಿದುಬಿಡ್ತಾರೆ.

ವಿಧಾನ 4: ಒಣಗಿದ ಗಾಯ, ತರಚು

ವ್ಯಾಸಲೀನ್‌ಗೆ ಗಾಢ ಕೆಂಪು ಲಿಪ್‌ಸ್ಟಿಕ್‌ನ ಒಂದು ತುಂಡು, ಚಿಟಿಕೆ ಕೋಕೋ ಪುಡಿ ಹಾಕಿ ಅರೆದರೆ ಹೆಪ್ಪುಗಟ್ಟಿದ ರಕ್ತದ ಹಾಗೆ ಆಗುತ್ತೆ. ಅಂಚಿಗೆ ಕೋಕೋ ಜಾಸ್ತಿ, ನಡುವೆ ಕೆಂಪು ಜಾಸ್ತಿ ಇರಲಿ. ಫುಡ್ ಕಲರ್ ನೀರಲ್ಲಿ ಕರಗೋ ಪದಾರ್ಥ, ಅದು ವ್ಯಾಸಲೀನ್‌ಗೆ ಬೆರೆಯಲ್ಲ. ಇದು ಬಿಸಿಲಿಗೂ ಬೆವರಿಗೂ ಸುಲಭಕ್ಕೆ ಇಳಿಯಲ್ಲ, ಬೀದಿನಾಟಕಕ್ಕೆ ಸರಿಹೊಂದುತ್ತೆ.

ನಿಜ ಅನಿಸಬೇಕಾದರೆ

ಹೆಚ್ಚಿನವರು ಮಾಡೋ ತಪ್ಪು ಎರಡು. ಒಂದು, ಬಣ್ಣ ತೀರಾ ಗಾಢ ಮಾಡೋದು ಇಲ್ಲವೇ ತೀರಾ ಕೆಂಪು ಮಾಡೋದು. ಆಗಷ್ಟೇ ಬಂದ ರಕ್ತ ಕೆಂಪು, ಹೊತ್ತಾದಂತೆ ಕಪ್ಪುಗೆಂಪು, ಒಣಗಿದರೆ ಕಂದು. ದೃಶ್ಯದಲ್ಲಿ ಗಾಯ ಯಾವಾಗ ಆಗಿದ್ದು ಅನ್ನೋದರ ಮೇಲೆ ಬಣ್ಣ ಆರಿಸಿ. ನಾಟಕದ ಲೈಟಿಗೆ ಸ್ವಲ್ಪ ಎದ್ದುಕಾಣೋ ಕೆಂಪು ಬೇಕು, ಮೊಬೈಲ್ ಕ್ಯಾಮೆರಾಗೆ ಸ್ವಲ್ಪ ಮಾಸಲು ಬೇಕು. ಬಿಳಿ ಬಟ್ಟೆ ತುಂಡಿನ ಮೇಲೆ ಎರಡು ಹನಿ ಬಿಟ್ಟು, ಅದೇ ಲೈಟಿನಲ್ಲಿ, ಅದೇ ಕ್ಯಾಮೆರಾದಲ್ಲಿ ಮೊದಲೇ ನೋಡಿಬಿಡಿ.

ಎರಡು, ಸುರಿಯೋದು ಜಾಸ್ತಿ. ದೊಡ್ಡ ಮನುಷ್ಯನ ಮೈಯಲ್ಲಿ ಇರೋದೇ ಸುಮಾರು 5 ಲೀಟರ್ ರಕ್ತ. ನೆಲಕ್ಕೆ ಒಂದು ಟೀ ಲೋಟದಷ್ಟು ಚೆಲ್ಲಿದರೂ ನೋಡಿದವರ ಎದೆ ಝಲ್ ಅನ್ನುತ್ತೆ. ಬಕೆಟ್‌ಗಟ್ಟಲೆ ಸುರಿದರೆ ಜನ ನಗ್ತಾರೆ.

ದುಶ್ಯಾಸನನ ಎದೆಯಿಂದ ರಕ್ತ ಬರಿಸೋಕೆ ಪ್ಲಾಸ್ಟಿಕ್ ಕವರ್‌ಗಿಂತ ಸ್ಪಾಂಜ್ ಸುಲಭ. ಹೊಸ ಸ್ಪಾಂಜ್ ತುಂಡನ್ನು ‘ಬಾಯಿಗೆ’ ಬಾಟಲಿಯ ರಕ್ತದಲ್ಲಿ ನೆನೆಸಿ, ಎದೆಕವಚದ ಒಳಗೆ ಸಣ್ಣ ಸ್ಟೀಲ್ ಬಟ್ಟಲಲ್ಲಿಟ್ಟರೆ ಭೀಮ ಕೈಹಾಕಿ ಹಿಂಡಿದಾಗ ಬೆರಳ ಸಂದಿಯಿಂದ ತೊಟ್ಟಿಕ್ಕುತ್ತೆ. ಹರಿಯೋ ಹಾಗೆ ಬೇಕಾದರೆ ಮೆಡಿಕಲ್ ಸ್ಟೋರ್‌ನಲ್ಲಿ ಸೂಜಿ ಇಲ್ಲದ ಹೊಸ ಸಿರಿಂಜ್, ಹೊಸ ಟ್ಯೂಬ್ ಸಿಗುತ್ತೆ. ಟ್ಯೂಬನ್ನು ಬಟ್ಟೆಯೊಳಗೆ ಹಾಯಿಸಿ ಮರೆಯಿಂದ ಒತ್ತಿದರೆ ಆಯ್ತು. ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ್ದನ್ನ ಆಯ್ದು ತರಬೇಡಿ. ಬಲೂನು, ಕವರಿನ ಗಂಟನ್ನ ಬಾಯೊಳಗೆ ಇಟ್ಟುಕೊಳ್ಳಬೇಡಿ, ಡೈಲಾಗ್ ಹೇಳುವಾಗ ಗಂಟಲಿಗೆ ಸಿಕ್ಕಿಬಿಟ್ಟರೆ ಉಸಿರೇ ಕಟ್ಟುತ್ತೆ. ಗುಂಡೇಟಿನ ದೃಶ್ಯಕ್ಕೆ ಪಟಾಕಿ ಕಟ್ಟಿ ಸಿಡಿಸೋ ಸಾಹಸವಂತೂ ಬೇಡವೇ ಬೇಡ.

ಹಚ್ಚೋ ಮೊದಲು, ಹಚ್ಚಿದ ಮೇಲೆ

* ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ನೋಡಿ. ತುರಿಕೆ, ದದ್ದು ಬಂದರೆ ಆ ಬಣ್ಣ ಬಿಡಿ.
* ಮುಖ, ಕೈಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಬಣ್ಣ ಚರ್ಮಕ್ಕೆ ಹಿಡಿಯಲ್ಲ. ದ್ರೌಪದಿ ಪಾತ್ರದವರ ಕೂದಲಿಗೂ ಅಷ್ಟೇ. ವಿಗ್ ಬಾಡಿಗೆಯದಾದರೆ ರಕ್ತ ಹಚ್ಚೋ ಜಾಗಕ್ಕೆ ಒಂದು ಎಳೆ ಚೌರಿ ಬೇರೆ ಸಿಕ್ಕಿಸಿ.
* ಬಾಡಿಗೆ ಡ್ರೆಸ್ಸಿನ ಜರಿ, ಮಖಮಲ್ ಮೇಲೆ ನೇರ ಸುರಿಯಬೇಡಿ. ಅದೇ ಬಣ್ಣದ ಹತ್ತಿ ಬಟ್ಟೆ ತುಂಡನ್ನು ಒಳಗೆ ಎರಡು ಮಡಿಕೆ ಮಾಡಿ ಪಿನ್ ಹಾಕಿ, ರಕ್ತ ಅದರ ಮೇಲಿರಲಿ. ಕಲೆಯಾದರೆ ಡ್ರೆಸ್ಸಿನವರಿಗೆ ದಂಡ ಕಟ್ಟೋರು ನೀವೇ.
* ಕಲೆಗೆ ಮೊದಲು ತಣ್ಣೀರು. ಹಿಂಡದೆ, ಉಜ್ಜದೆ ಹಿಂಭಾಗದಿಂದ ನೀರು ಹಾಯಿಸಿ, ಆಮೇಲೆ ಸೋಪಿನ ಪುಡಿಯಲ್ಲಿ ನೆನೆಸಿ. ಬಣ್ಣ ಬಿಡೋ ಮೊದಲು ಇಸ್ತ್ರಿ ಹಾಕಿದರೆ ಕಲೆ ಗಟ್ಟಿಯಾಗಿ ಕೂತುಬಿಡುತ್ತೆ.
* ರಂಗದ ಮೇಲೆ ಚೆಲ್ಲೋ ಜಾಗಕ್ಕೆ ಗೋಣಿತಾಟು ಹಾಸಿ. ಮೈಕ್, ಲೈಟಿನ ವೈರು ಆ ಕಡೆ ಹಾದುಹೋಗಿರಬಾರದು.

ಕಣ್ಣಿಗೆ ಬಿದ್ದರೆ

ಯಾವ ಬಣ್ಣವೇ ಆಗಲಿ ಉಜ್ಜಬೇಡಿ, ಶುದ್ಧ ನೀರಲ್ಲಿ ತೊಳೆಯಿರಿ. ಸುಣ್ಣವಾದರೆ ಒಂದು ನಿಮಿಷವೂ ತಡಮಾಡದೆ ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ 15-20 ನಿಮಿಷ ಧಾರೆಯಾಗಿ ನೀರು ಹಾಯಿಸಬೇಕು. ಎದೆಹಾಲು, ಎಣ್ಣೆ, ನಿಂಬೆರಸ ಏನೂ ಹಾಕಬೇಡಿ. ತೊಳೆದ ಮೇಲೆ ನೇರ ಕಣ್ಣಿನ ವೈದ್ಯರಲ್ಲಿಗೆ. ಉರಿ ಕಡಿಮೆಯಾಯ್ತು ಅಂತ ಮನೆಯಲ್ಲಿ ಕೂರಬೇಡಿ, ಸುಣ್ಣ ಒಳಗೊಳಗೇ ಸುಡುತ್ತಿರುತ್ತೆ. ಬಣ್ಣ ನುಂಗಿ ವಾಂತಿ, ಉಸಿರಾಟದ ತೊಂದರೆ ಕಂಡರೆ 108ಕ್ಕೆ ಕರೆ ಮಾಡಿ. ಬಣ್ಣದ ಪೊಟ್ಟಣವನ್ನೂ ಜತೆಗೆ ಒಯ್ಯಿರಿ, ವೈದ್ಯರಿಗೆ ಅದು ಬೇಕಾಗುತ್ತೆ.

ಅಂಗಡಿಯವರಿಗೆ ಒಂದು ಮಾತು

ಕೆಂಪು ಬಣ್ಣ ಕೇಳಿಕೊಂಡು ಬಂದವರಿಗೆ “ಯಾತಕ್ಕಪ್ಪಾ?” ಅಂತ ಒಂದು ಮಾತು ಕೇಳಿ. ನಾಟಕಕ್ಕೆ, ಮಕ್ಕಳ ವೇಷಕ್ಕೆ ಅಂದರೆ ಫುಡ್ ಕಲರ್ ಬಿಟ್ಟು ಬೇರೆ ಕೊಡಬೇಡಿ. ಫುಡ್ ಕಲರ್ ಡಬ್ಬಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಬ್ಯಾಚ್, ಬಳಸೋ ಅವಧಿ, ಬಣ್ಣದ ಹೆಸರು ಇರಬೇಕು. ನಮ್ಮ ದೇಶದಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಕೆಂಪು ಬಣ್ಣಗಳಲ್ಲಿ ಪೊನ್ಸೊ 4ಆರ್, ಕಾರ್ಮೊಯ್ಸಿನ್, ಎರಿಥ್ರೋಸಿನ್ ಹೆಸರುಗಳನ್ನು ನೋಡಬಹುದು. ದೊಡ್ಡ ಡಬ್ಬಿಯಿಂದ ಬಿಡಿಸಿ, ಹೆಸರಿಲ್ಲದ ಪೊಟ್ಟಣ ಕಟ್ಟಿ ಮಾರೋದು ಬೇಡ. ರಂಗೋಲಿ ಪುಡಿ, ಹೋಳಿ ಬಣ್ಣದ ಪಕ್ಕದಲ್ಲೇ ಅಡುಗೆ ಬಣ್ಣ ಇಡೋದೂ ಬೇಡ, ಅವಸರದಲ್ಲಿ ಕೈ ತಪ್ಪುತ್ತೆ.

ಎಲೆ-ಅಡಿಕೆ ಮಾರೋರು ಸುಣ್ಣದ ಪ್ಯಾಕೆಟ್‌ಗಳನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಹಿಸುಕಿದಾಗ ಒಡೆದು ನೇರ ಕಣ್ಣಿಗೆ ಚಿಮ್ಮುತ್ತೆ. “ಓಕುಳಿ ಮಾಡಿ ಬ್ಲಡ್ ಮಾಡ್ತೀವಿ” ಅಂತ ಹುಡುಗರು ಕೇಳಿದರೆ ಬೀಟ್‌ರೂಟ್ ತಗೊಂಡು ಹೋಗಿ ಅನ್ನಿ.

ಬೀದಿಯಲ್ಲಿ ಶೂಟಿಂಗ್ ಇದ್ದರೆ

ರಸ್ತೆ ಬದಿಯಲ್ಲಿ ರಕ್ತ ಬಳಿದುಕೊಂಡು ಮಲಗಿದರೆ ದಾರಿಹೋಕರಿಗೆ ಅದು ಶೂಟಿಂಗ್ ಅಂತ ಹೇಗೆ ಗೊತ್ತಾಗಬೇಕು? ಯಾರೋ ಗಾಬರಿಯಿಂದ 112ಕ್ಕೋ 108ಕ್ಕೋ ಫೋನ್ ಮಾಡಿದರೆ, ನಿಜವಾಗಿ ಬೇಕಾದವರಿಗೆ ಸಿಗಬೇಕಾದ ಆಂಬುಲೆನ್ಸ್ ನಿಮ್ಮ ರೀಲ್ಸ್‌ಗೆ ಬರುತ್ತೆ. ಠಾಣೆಗೆ, ಪಂಚಾಯ್ತಿ ಅಥವಾ ಪುರಸಭೆಗೆ ಮೊದಲೇ ತಿಳಿಸಿ, ಕಾಣೋ ಜಾಗದಲ್ಲಿ ‘ಚಿತ್ರೀಕರಣ ನಡೆಯುತ್ತಿದೆ’ ಅಂತ ಬೋರ್ಡ್ ಇಡಿ. ಮುಗಿದ ಮೇಲೆ ನೆಲ ತೊಳೆದು ಬನ್ನಿ. ಹಾಗೇ ಬಿಟ್ಟರೆ ಬೆಳಗ್ಗೆ ಆ ದಾರಿಯಲ್ಲಿ ಬಂದವರು “ಯಾರಿಗೆ ಏನಾಯ್ತೋ” ಅಂತ ಊರೆಲ್ಲ ಸುದ್ದಿ ಮಾಡ್ತಾರೆ. ಅಪಘಾತದ ದೃಶ್ಯವನ್ನು ‘ನಟನೆ’ ಅಂತ ಹೇಳದೆ ವಾಟ್ಸ್‌ಆ್ಯಪ್‌ಗೆ ಬಿಡಬೇಡಿ.

ಇದೇ ರಕ್ತದಲ್ಲಿ ಮೋಸವೂ ಉಂಟು

“ನಿಮ್ಮ ಮನೆಗೆ ಮಾಟ ಆಗಿದೆ, ನೋಡಿ ನಿಂಬೆಹಣ್ಣಲ್ಲಿ ರಕ್ತ” ಅನ್ನೋರು ಬಂದರೆ ಗಾಬರಿ ಬೇಡ. ದಾಸವಾಳದ ಹೂವನ್ನು ಚಾಕುವಿಗೆ ಉಜ್ಜಿ ಒಣಗಿಸಿ, ಅದರಲ್ಲಿ ನಿಂಬೆಹಣ್ಣು ಕೊಯ್ದರೆ ಹುಳಿ ತಾಗಿ ರಸ ಕೆಂಪಾಗುತ್ತೆ. ಕೈಗೆ ಅರಿಶಿನ ಸವರಿಸಿ ಮೇಲೆ ಸುಣ್ಣದ ತಿಳಿನೀರು ಹಾಕಿದರೂ ಅಷ್ಟೇ, ಅಂಗೈಯಲ್ಲಿ ‘ರಕ್ತ’. ಇದು ಪವಾಡವಲ್ಲ, ಮೇಲೆ ಹೇಳಿದ ಓಕುಳಿಯ ಲೆಕ್ಕವೇ. ಇಂಥವರು ದುಡ್ಡು ಕೇಳಿದರೆ ನಿಮ್ಮ ಮನೆ ಚಾಕುವನ್ನೇ ಕೊಟ್ಟು “ಇದರಲ್ಲಿ ಕೊಯ್ಯಿರಿ” ಅನ್ನಿ. ಒಪ್ಪದಿದ್ದರೆ ಠಾಣೆಗೆ ತಿಳಿಸಿ.

ನಾಟಕದ ದಿನದ ಪಟ್ಟಿ

* ‘ಬಾಯಿಗೆ’, ‘ಬಟ್ಟೆಗೆ’ ಎರಡು ಬೇರೆ ಆಕಾರದ ಬಾಟಲಿ, ಮೇಲೆ ಚೀಟಿ
* ಎರಡಕ್ಕೂ ಒಬ್ಬರೇ ಜವಾಬ್ದಾರಿ, ಅವರಿಗೆ ಪಾತ್ರ ಬೇಡ
* ಹೊಸ ಸ್ಪಾಂಜ್, ಹತ್ತಿ ಬಟ್ಟೆ ತುಂಡು, ಪಿನ್, ಕೊಬ್ಬರಿ ಎಣ್ಣೆ
* ಮುಕ್ಕಳಿಸೋಕೆ ಒಂದು ತಂಬಿಗೆ, ಕಣ್ಣು ತೊಳೆಯೋಕೆ ಒಂದು ಬಿಂದಿಗೆ ಕುಡಿಯುವ ನೀರು
* ಗೋಣಿತಾಟು, ಒರೆಸೋ ಬಟ್ಟೆ
* ಬಣ್ಣದ ಡಬ್ಬಿ ಬಿಸಾಡದೆ ನಾಟಕ ಮುಗಿಯೋವರೆಗೂ ಇಟ್ಟುಕೊಂಡಿರಿ

ನಿಮ್ಮೂರಿನ ನಾಟಕಕ್ಕೆ ತಾಲೀಮು ಶುರುವಾಗಿದ್ದರೆ ಈ ಪಟ್ಟಿಯನ್ನು ಮೇಷ್ಟ್ರಿಗೂ, ಬಣ್ಣ ತರೋಕೆ ಹೋಗೋ ಹುಡುಗರಿಗೂ ಇವತ್ತೇ ಕಳಿಸಿ.